ಪೆರ್ಲದ ಕೆರೆಯಲ್ಲಿ ಬಿಸಿಲಿನ ಲೆಕ್ಕ ತಾಳೆಯಾಯಿತು

ಏಪ್ರಿಲ್ ಕೊನೆಯ ವಾರ ಕಾಸರಗೋಡಿನ ನಮ್ಮ ಪೆರ್ಲದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಆ ಬಿಸಿಲಿಗೆ ನಮ್ಮ ತೋಟದ ಕೆರೆಯಲ್ಲಿ ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಎಷ್ಟು ಹೊತ್ತಿಗೆ ಒಡೆಯುತ್ತದೆ ಎಂದು, ನೆಲಕ್ಕೆ ಬರುವ ಯುವಿ ಬೆಳಕನ್ನು ಲೆಕ್ಕಹಾಕುವ ಟಿಯುವಿ ಎಂಬ ಕಂಪ್ಯೂಟರ್ ಮಾಡೆಲ್ ಇಟ್ಟುಕೊಂಡು ಹೇಳಿದಾಗ ಯಾರೂ ನಂಬಲಿಲ್ಲ. "ಕಂಪ್ಯೂಟರಿನ ಬಿಸಿಲಿಗೆ ಅಡಿಕೆ ಒಣಗ್ತದಾ?" ಎಂದರು. ಈ ವರ್ಷ ಒಣಗಿಸಿ ತೋರಿಸಿದ್ದೇನೆ.

ಮೊದಲ ವರ್ಷ ಪೂರಾ ಹಾಳು. ಯುವಿ ತಡೆಯುವ ಓಜೋನ್ ಪದರ ಮಾಡೆಲ್‌ನಲ್ಲಿ 300 ಡಾಬ್ಸನ್ ಯೂನಿಟ್ ಎಂದು ಇದ್ದದ್ದನ್ನು ಹಾಗೇ ಬಿಟ್ಟಿದ್ದೆ. ನಮ್ಮ ಕಡೆ ಆಗ 270ರ ಆಸುಪಾಸು. ಸರಿಮಾಡಿದರೆ ಅಂತರ ಇನ್ನೂ ಜಾಸ್ತಿಯಾಯಿತು! ಪಿಎನ್ಎ-ಪಿರಿಡಿನ್ ದ್ರಾವಣ ತುಂಬಿದ ಟ್ಯೂಬು (ಅದು ಒಡೆಯುವ ವೇಗದಿಂದ ಬಿಸಿಲು ಅಳೆಯುತ್ತೇವೆ) ತೋರಿಸಿದ ಬಿಸಿಲು ಮಾಡೆಲ್‌ನದ್ದಕ್ಕಿಂತ ಮೂರರಲ್ಲೊಂದು ಪಾಲು ಕಡಿಮೆ. ಗಾಳಿಯಲ್ಲಿ ಧೂಳು ಸೇರಿಸುತ್ತಾ ಹೋದೆ, ಮೋಡ ಸೇರಿಸಿದೆ, ಎರಡು ತಿಂಗಳು ಸುಮ್ನೆ ಕಳೆದವು. ತಪ್ಪು ಇದ್ದದ್ದು ಬಿಸಿಲಿನಲ್ಲಲ್ಲ. ನಾನು 1982ರ ಹಳೆಯ ಕ್ವಾಂಟಂ ಯೀಲ್ಡ್ (ಹೀರಿದ ಬೆಳಕಿನಲ್ಲಿ ಎಷ್ಟು ಪಾಲು ಒಡೆಯುವುದಕ್ಕೆ ಬೀಳುತ್ತದೆ ಎಂಬ) ಸೂತ್ರವನ್ನೇ ಹಿಡಿದುಕೊಂಡಿದ್ದೆ. 2017ರಲ್ಲಿ ಅದನ್ನು ಮತ್ತೆ ಅಳೆದು, ಪಿರಿಡಿನ್ ಪ್ರಮಾಣಕ್ಕೆ ಗುಣಿಸುವ 0.44 ಅನ್ನು 0.29ಕ್ಕೆ ಇಳಿಸಿದ್ದಾರೆ. ಅದನ್ನು ಹಾಕಿದ ಕೂಡಲೇ ಅಂತರ ಶೇಕಡಾ 10ರೊಳಗೆ ಬಂತು. ಆ ರಾತ್ರಿ ನಿದ್ದೆ ಬರಲಿಲ್ಲ.

ಕ್ವಾರ್ಟ್ಜ್ ಟ್ಯೂಬಿಗೆ 9 ಸಾವಿರ, ನೀರಲ್ಲಿ ಎಷ್ಟು ಉಳಿದಿದೆ ಎಂದು ಲ್ಯಾಬಿನಲ್ಲಿ ಅಳೆಯುವ ಎಚ್‌ಪಿಎಲ್‌ಸಿಗೆ ಒಟ್ಟು 30 ಸಾವಿರದ ಹತ್ತಿರ ಹೋಗಿರಬೇಕು. ಒಂದು ಲ್ಯಾಬಿನವರು ಮೊದಲ ಕಂತಿನ ಸ್ಯಾಂಪಲ್ಲನ್ನು ಕಿಟಕಿ ಪಕ್ಕ ಇಟ್ಟು ಹಾಳುಮಾಡಿದರು. ಬೆಳಕಿಗೆ ಒಡೆಯುವುದನ್ನು ಅಳೆಯಲು ಕೊಟ್ಟರೆ ಬೆಳಕಲ್ಲೇ ಇಡುವುದಾ? ಈಗ ಕಪ್ಪು ಕಾಗದ ಸುತ್ತಿ ನಾನೇ ಹೊತ್ತೊಯ್ಯುತ್ತೇನೆ. ನೀರಿನ ಮೇಲೆ ಟ್ಯೂಬು ಓರೆಯಾಗದಂತೆ ನಿಲ್ಲಿಸುವ ತೆಪ್ಪ ನನ್ನದೇ ಕೈಕೆಲಸ, ಅದರ ಗುಟ್ಟು ಸದ್ಯ ನನ್ನ ಹತ್ತಿರವೇ ಇರಲಿ.

ಮೇಲ್ಮೈಯಲ್ಲಿ ಇಮಿಡಾಕ್ಲೋಪ್ರಿಡ್ ಅರ್ಧಕ್ಕೆ ಇಳಿಯುವ ಹೊತ್ತು, ಅಂದರೆ ಅರ್ಧಾಯುಷ್ಯ, ಸುಮಾರು 3 ಗಂಟೆ ಬಿಸಿಲು. ಆದರೆ ಕೆರೆ ಒಂದು ಮೀಟರ್ ಆಳ, ಸೋಗೆ ಕೊಳೆತು ನೀರು ತೆಳು ಚಹಾದ ಬಣ್ಣ. ನೀರು ಬೆಳಕು ಹೀರುವ ಅಳತೆ, ಅಬ್ಸಾರ್ಬೆನ್ಸ್, ಸೆಂಟಿಮೀಟರಿಗೆ 0.05 ಹಿಡಿದರೆ ವೇಗ 14 ಪಟ್ಟು ಇಳಿಯುತ್ತದೆ, ಅಂದರೆ 42 ಗಂಟೆ ಬಿಸಿಲು ಬೇಕು, ದಿನಕ್ಕೆ ಆರೇಳು ಗಂಟೆ ಗಟ್ಟಿ ಬಿಸಿಲೆಂದರೆ ಆರೇಳು ದಿನ. ಅಳೆದಾಗಲೂ ವಾರದ ಹತ್ತಿರವೇ ಬಂತು. ಗೇರೆಲೆ ನೆನೆಸಿದ ನೀರಲ್ಲೂ ನೋಡಿದೆ. ಅದು ಇನ್ನೂ ಕಪ್ಪು, ಒಂದು ಗೇಣು ಕೆಳಗೆ ಯುವಿ ಇಲ್ಲವೇ ಇಲ್ಲ.

ನಮ್ಮ ಪಂಚಾಯತು ಎಣ್ಮಕಜೆಯಲ್ಲಿ ಈ ಕೆಲಸ ಮಾಡಿದರೆ ಎಂಡೋಸಲ್ಫಾನ್ ಕೀಟನಾಶಕದ ಬಗ್ಗೆ ಕೇಳದೆ ಬಿಡುತ್ತಾರಾ? ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದದ್ದು 2000ದವರೆಗೂ ನಡೆದಿತ್ತು. ಪಕ್ಕದ ಮನೆಯ ಅಜ್ಜಿ ಕೇಳಿದರು, "ಇಷ್ಟು ವರ್ಷದ ಬಿಸಿಲಿಗೆ ಅದು ಹೋಗಿಲ್ವಾ ಮಗಾ?" ನೆಲಕ್ಕೆ ಬರುವ ಬಿಸಿಲನ್ನು ಅದು ಹೀರುವುದೇ ಇಲ್ಲ, ಹಾಗಾಗಿ ನೇರ ಬಿಸಿಲಿಗೆ ಒಡೆಯುವ ಲೆಕ್ಕದಲ್ಲಿ ಅದಕ್ಕೆ ಬರುವುದು ಸೊನ್ನೆ. ಅಜ್ಜಿಗೆ ಅದನ್ನೇ ಹೇಳಿದೆ. ಸ್ವಲ್ಪ ಹೊತ್ತು ಕೆರೆಯನ್ನೇ ನೋಡುತ್ತಾ ಕೂತರು.