ಜಿಂಕೆ ಉಗುಳಿದ ಬೀಜ

ಬಿಳಿಗಿರಿರಂಗನ ಬೆಟ್ಟಕ್ಕೆ ಗಿಡ ನೆಡಿಸುವ ಕೆಲಸಕ್ಕೆ ಮೊದಲ ಸಲ ಹೋದಾಗ ನನ್ನ ಬ್ಯಾಗಿನಲ್ಲಿ ಒಂದು ನಕ್ಷೆ, ಒಂದು ಜಿಪಿಎಸ್, ಒಂದಷ್ಟು ಸುಣ್ಣದ ಪುಡಿ ಇತ್ತು. ಲಂಟಾನ ಎಂಬ ಮುಳ್ಳು ಕಳೆಪೊದೆಯನ್ನು ಕಡಿದ ಜಾಗದಲ್ಲಿ ಮೂರು ಮೀಟರಿಗೊಂದು ಗುಂಡಿ, ದಾರ ಹಿಡಿದ ಹಾಗೆ ಸಾಲು. ಪೋಡಿನಿಂದ, ಅಂದರೆ ಕಾಡಿನ ಹಾಡಿಯಿಂದ, ಬಂದ ಈ ಬೆಟ್ಟದ ಆದಿವಾಸಿ ಸೋಲಿಗರು ನಾನು ಸುಣ್ಣ ಹಾಕಿದಲ್ಲೆಲ್ಲ ಮಾತಾಡದೆ ಗುಂಡಿ ತೆಗೆಯುತ್ತಾ ಬಂದರು. ಒಂದು ಕಡೆ ಮಾತ್ರ ಹಾರೆ ಕೆಳಗಿಟ್ಟು ನಿಂತುಬಿಟ್ಟರು.

‘ಇಲ್ಲಿ ಬೇಡ ಕನ ಸಾ’ ಎಂದರು ಒಬ್ಬರು.

ಕಲ್ಲು ಜಾಸ್ತಿ ಅಂತ ಇರಬೇಕು ಎಂದುಕೊಂಡೆ. ಅಲ್ಲಿ ನನಗೆ ಕಂಡದ್ದು ಒಂದು ಬಂಡೆ, ಅದರ ಪಕ್ಕ ಒಂದು ಹಳೇ ಮರ, ಅಷ್ಟೇ. ಸಂಜೆ ಪೋಡಿನ ಯಜಮಾನರು ಕೂರಿಸಿಕೊಂಡು ಹೇಳಿದರು: ಅದು ಅವರ ಕುಲದ ವೀರು, ಪೂಜೆಯ ಜಾಗ. ಪ್ರತಿ ಕುಲಕ್ಕೂ ಕಾಡಿನಲ್ಲಿ ಅದರದ್ದೇ ಎಲ್ಲೆ ಇದೆ. ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ನೀರಿನ ಅಬ್ಬಿ, ಹೀಗೆ ಒಂದೊಂದಕ್ಕೂ ಜಾಗ. ನಮ್ಮ ನಕ್ಷೆಯಲ್ಲಿ ಅದೆಲ್ಲ ಖಾಲಿ ಹಸಿರು ಬಣ್ಣ. ಅಲ್ಲಿ ಸುಣ್ಣ ಹಾಕಿದ್ದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಯೋಜನೆಯ ಕಾಗದದಲ್ಲಿ ‘ಸಮುದಾಯದ ಸಹಭಾಗಿತ್ವ’ ಎಂದು ಬರೆದಿತ್ತು. ಬರೆದವನು ನಾನೇ. ಅದರ ಅರ್ಥ ನಾವು ಹೇಳಿದ ಕಡೆ ಅವರು ಗುಂಡಿ ತೆಗೆಯುವುದು, ದಿನಗೂಲಿ ಪಡೆಯುವುದು ಅಂತ ಇದ್ದಿರಬೇಕು. ಆದರೆ ಈ ಕಾಡಿನಲ್ಲಿ ಅವರು ಕೂಲಿಗೆ ಬಂದವರಲ್ಲ. 2006ರ ಅರಣ್ಯ ಹಕ್ಕು ಕಾಯ್ದೆ ಕಾಡನ್ನು ಕಾಯುವ, ಮತ್ತೆ ಬೆಳೆಸುವ, ನೋಡಿಕೊಳ್ಳುವ ಹಕ್ಕನ್ನೂ ಸಮುದಾಯಕ್ಕೆ ಕೊಡುತ್ತದೆ. ಇಲ್ಲಿನ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ಸಿಕ್ಕಿತು. ಅದೇ ವರ್ಷ ಅಭಯಾರಣ್ಯ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅಂದರೆ ಇಲ್ಲಿ ಒಂದು ಗಿಡ ನೆಡಬೇಕಾದರೂ ಇಲಾಖೆಯ ಅನುಮತಿ ಒಂದು, ಗ್ರಾಮಸಭೆಯ ಒಪ್ಪಿಗೆ ಇನ್ನೊಂದು. ನಾನು ಮೊದಲನೆಯದನ್ನು ಫೈಲಿನಲ್ಲಿಟ್ಟುಕೊಂಡು, ಎರಡನೆಯದನ್ನು ಒಂದು ಮಧ್ಯಾಹ್ನದ ಮೀಟಿಂಗಿನಲ್ಲಿ ಮುಗಿಸಿದ್ದೆ.

ಆ ವರ್ಷದ ಗಿಡಗಳ ಕತೆ ಬೇಗ ಹೇಳಿ ಮುಗಿಸುತ್ತೇನೆ. ಜೂನ್ ಮೊದಲ ವಾರ ನೆಟ್ಟೆವು, ಕ್ಯಾಲೆಂಡರ್ ನೋಡಿ. ಆಮೇಲೆ ಮಳೆ ಕೈಕೊಟ್ಟಿತು. ನರ್ಸರಿಯ ಕವರಿನಲ್ಲಿ ದಿನಾ ನೀರು ಕುಡಿದು ಬೆಳೆದ ಗಿಡಗಳು ಸುಮ್ನೆ ಒಣಗಿದವು. ಉಳಿದವುಗಳಲ್ಲಿ ಕೆಲವನ್ನು ಆನೆ ಕಿತ್ತು ಪಕ್ಕಕ್ಕಿಟ್ಟಿತ್ತು. ತಿಂದೂ ಇರಲಿಲ್ಲ. ಹೊಸದಾಗಿ ಅಗೆದ ಮಣ್ಣು ಕಂಡರೆ ಅದಕ್ಕೆ ಏನೋ ಕುತೂಹಲ. ‘ಜೂನ್ ಅಂತ ಯಾರ್ ಹೇಳಿದ್ರು ನಿಮ್ಗೆ? ಮಘೆ ಮಳೆ ಹಿಡೀಲಿ, ಆಮೇಲೆ ನೆಡಿ’ ಎಂದರು ಯಜಮಾನರು. ಈ ಬೆಟ್ಟಕ್ಕೆ ಮುಂಗಾರೂ ಬರುತ್ತದೆ, ಹಿಂಗಾರೂ ಬರುತ್ತದೆ. ಆಗಸ್ಟ್ ಕೊನೆಗೆ ನೆಟ್ಟರೆ ಚಿತ್ತೆ, ಸ್ವಾತಿ ಮಳೆಯವರೆಗೆ ಬೇರು ಇಳಿಯಲು ಸಮಯ ಸಿಗುತ್ತದೆ. ಇದನ್ನು ಅವರು ಮೊದಲೇ ಯಾಕೆ ಹೇಳಲಿಲ್ಲ? ನಾನು ಕೇಳಿರಲಿಲ್ಲ, ಅಲ್ವಾ.

ಎರಡನೇ ವರ್ಷ ಒಂದೂ ಗಿಡ ನೆಡಲಿಲ್ಲ. ಬರೀ ನಡೆದೆವು. ದುಡ್ಡು ಕೊಡುವವರಿಗೆ ಇದನ್ನು ಒಪ್ಪಿಸುವುದು ಗಿಡ ನೆಡುವುದಕ್ಕಿಂತ ಕಷ್ಟದ ಕೆಲಸ. ‘ಈ ವರ್ಷದ ಗಿಡಗಳ ಸಂಖ್ಯೆ’ ಎಂಬ ಕಾಲಂನಲ್ಲಿ ಸೊನ್ನೆ ಬರೆಯಲು ಧೈರ್ಯ ಬೇಕು. ನಡೆದವರು ಯಜಮಾನರು, ಪೂಜೆ ಮಾಡುವ ತಮ್ಮಡಿ, ನೆಲ್ಲಿಕಾಯಿ ಆಯ್ದು ಜೀವನ ಕಳೆದ ಒಬ್ಬ ಅಜ್ಜಿ, ಇಬ್ಬರು ಹುಡುಗರು ಮತ್ತು ನಾನು. ಅರಣ್ಯ ಇಲಾಖೆಯ ಒಬ್ಬ ವಾಚರ್ ಕೂಡ ಬರುತ್ತಿದ್ದರು, ಅವರೂ ಸೋಲಿಗರೇ. ಎಲ್ಲರೂ ಜೇನು ಕೀಳಲು ಹೋಗುವ ಹೆಜ್ಜೇನಿನ ಕಾಲದಲ್ಲಿ ನಡಿಗೆಯೂ ಬಂದ್. ಏಪ್ರಿಲ್, ಮೇ ತಿಂಗಳಲ್ಲಿ ಯಾರನ್ನೂ ಕರೆಯಬಾರದು ಎಂಬುದು ನಾನು ಕಲಿತ ಇನ್ನೊಂದು ಪಾಠ.

ನಡೆಯುವಾಗ ಗೊತ್ತಾದ ಮೊದಲ ಸಂಗತಿ ಲಂಟಾನದ್ದು. 1809ರಲ್ಲಿ ಕಲ್ಕತ್ತಾದ ತೋಟಕ್ಕೆ ಅಂದಕ್ಕೆಂದು ತಂದ ಗಿಡ ಇದು. ಈ ಬೆಟ್ಟದಲ್ಲಿ 1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಅದು ಹರಡಿದ ಜಾಗ ಹೆಚ್ಚುಕಮ್ಮಿ ಎರಡರಷ್ಟಾಗಿತ್ತು. ನಾವು ಮೊದಲ ವರ್ಷ ಮಾಡಿದ್ದು, ಮಚ್ಚಿನಲ್ಲಿ ಕಡಿದು ರಾಶಿ ಹಾಕಿದ್ದು. ಕಡಿದ ಬುಡದಲ್ಲಿ ಒಂದಕ್ಕೆ ಹತ್ತು ಚಿಗುರು. ರಾಶಿಯ ತಳದ ಕಡ್ಡಿಗಳು ಮಣ್ಣು ಮುಟ್ಟಿದ್ದೇ ಬೇರು ಬಿಟ್ಟವು. ಸರಿಯಾದ ದಾರಿ ಬೇರೆ. ದೆಹಲಿಯ ಪ್ರೊಫೆಸರ್ ಸಿ.ಆರ್. ಬಾಬು ಅವರ ತಂಡ ಹೇಳಿಕೊಟ್ಟ ಕ್ರಮ ಇದು: ನೆಲದ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಚಿಗುರು ಹುಟ್ಟುವ ಗಂಟಿನ ಕೆಳಗೆ ಪಿಕಾಸಿಯಿಂದ ಬೇರು ಕತ್ತರಿಸಿ, ಇಡೀ ಪೊದೆಯನ್ನು ತಲೆಕೆಳಗು ಮಾಡಿ ಅಲ್ಲೇ ಒಣಗಲು ಬಿಡಬೇಕು. ಮಣ್ಣನ್ನು ಜಾಸ್ತಿ ಕೆದಕಬಾರದು.

ಆದರೆ ಪೊದೆಯೊಳಗೆ ಏನಿದೆ ಎಂದು ಪ್ರೊಫೆಸರ್ ಹೇಳಲಾರರು, ಅಜ್ಜಿ ಹೇಳುತ್ತಾರೆ. ಲಂಟಾನದ ಮುಳ್ಳಿನೊಳಗೆ ಕೈ ಹಾಕಿ ಅವರು ತೋರಿಸಿದ್ದು ಬೆರಳು ಗಾತ್ರದ ದಿಂಡಿಗ, ಮೊಣಕಾಲೆತ್ತರದ ಹೊನ್ನೆ, ಬೆಳಕಿಲ್ಲದೆ ಬಿಳಿಚಿಕೊಂಡ ಮತ್ತಿ. ಎಷ್ಟೋ ವರ್ಷದಿಂದ ಅಲ್ಲೇ ಉಸಿರು ಹಿಡಿದು ಕೂತಿದ್ದವು. ಮೊದಲ ವರ್ಷ ನಾವು ಮಚ್ಚು ಬೀಸಿದಾಗ ಇವನ್ನೂ ಸವರಿ ಹಾಕಿ, ಆಮೇಲೆ ಅದೇ ಜಾತಿಯ ಗಿಡಗಳನ್ನು ನರ್ಸರಿಯಿಂದ ಲಾರಿಯಲ್ಲಿ ತಂದಿದ್ದೆವು! ಅವತ್ತಿನಿಂದ ಲಂಟಾನ ಕೀಳುವ ಗುಂಪಿನ ಮುಂದೆ ಒಬ್ಬರು ಹೋಗಿ ಒಳಗಿನ ಗಿಡಗಳಿಗೆ ಬಟ್ಟೆ ಚೂರು ಕಟ್ಟುವ ಪದ್ಧತಿ ಶುರುವಾಯಿತು. ಕೆಲಸ ಅರ್ಧ ವೇಗಕ್ಕಿಳಿಯಿತು. ನೆಡಬೇಕಾದ ಗಿಡ ಅದಕ್ಕಿಂತ ಕಮ್ಮಿಯಾಯಿತು.

ಎರಡನೆಯ ಸಂಗತಿ ಬೀಜದ್ದು. ನೆಲ್ಲಿ ಬೀಜಕ್ಕಾಗಿ ನಾನು ಮರ ಹತ್ತಿಸಿ ಕಾಯಿ ಉದುರಿಸಲು ಹೊರಟಿದ್ದೆ. ಅಜ್ಜಿ ನಕ್ಕು, ಮರದಿಂದ ದೂರ ಕರೆದುಕೊಂಡು ಹೋದರು. ನೆರಳಿರುವ ಒಂದು ಸಮತಟ್ಟು ಜಾಗ. ಹುಲ್ಲು ಮಲಗಿದೆ, ಹಿಕ್ಕೆ ಬಿದ್ದಿದೆ. ‘ಇಲ್ ನೋಡಿ’ ಎಂದು ತರಗು ಸರಿಸಿದರೆ ಕೆಳಗೆ ಹಿಡಿಗಟ್ಟಲೆ ನೆಲ್ಲಿ ಓಟೆ, ತೊಳೆದಿಟ್ಟ ಹಾಗೆ ಚೊಕ್ಕಟ. ಜಿಂಕೆ, ಕಡವೆ ಕಾಯಿ ನುಂಗುತ್ತವೆ. ಆಮೇಲೆ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಓಟೆಯನ್ನು ಉಗುಳುತ್ತವೆ. ತಾರೆ ಮರದ ಬೀಜವೂ ಹೀಗೆ ಸಿಕ್ಕಿತು. ನರ್ಸರಿಯಲ್ಲಿ ತಿರುಳು ಕೊಳೆಸಿ, ತೊಳೆದು, ಒಣಗಿಸಿ ನಾವು ಮಾಡುವ ಕೆಲಸದ ಮೊದಲ ಪಾಲನ್ನು ಜಿಂಕೆ ಸಂಬಳವಿಲ್ಲದೆ ಮಾಡಿಟ್ಟಿತ್ತು. ಓಟೆಯನ್ನು ಬಿಸಿಲಿಗೆ ಹಾಕಿದರೆ ಪಟ್ ಅಂತ ಒಡೆದು ಒಳಗಿನ ಸಣ್ಣ ಬೀಜ ಹೊರಬರುತ್ತದೆ.

ನೆಲ್ಲಿಯೇ ಯಾಕೆ ಎಂದು ಕೇಳಬಹುದು. ನೆಲ್ಲಿ ಇಲ್ಲಿ ಬದುಕು. 2006ರಲ್ಲಿ ಕಾಡಿನ ಉತ್ಪನ್ನ ಆಯುವುದಕ್ಕೆ ನಿಷೇಧ ಬಿದ್ದಾಗ ಎಷ್ಟೋ ಮನೆಗಳ ಆದಾಯ ನಿಂತಿತ್ತು. ಅದಕ್ಕೂ ಮುಂಚಿನಿಂದ ಮರಗಳಿಗೇ ಒಂದು ಕಾಟ ಇತ್ತು, ಉಪ್ಪಿಲು ಎಂಬ ಬದನಿಕೆ. ಕೊಂಬೆಗೆ ಅಂಟಿ ರಸ ಹೀರಿ ಮರವನ್ನೇ ಒಣಗಿಸುತ್ತದೆ. ಯಜಮಾನರ ಲೆಕ್ಕದಲ್ಲಿ ಉಪ್ಪಿಲಿಗೂ ಲಂಟಾನಕ್ಕೂ ಕಾರಣ ಒಂದೇ: ತರಗು ಬೆಂಕಿ ನಿಂತದ್ದು. ಹಿಂದೆ ಬೇಸಿಗೆ ಬಲಿಯುವ ಮುಂಚೆ, ತರಗೆಲೆ ಇನ್ನೂ ಅರೆಹಸಿ ಇರುವಾಗ, ಸಣ್ಣ ಬೆಂಕಿ ಹಾಕುತ್ತಿದ್ದರು. ನೆಲದ ಮೇಲಷ್ಟೇ ಹರಿದು ಹೋಗುವ ಬೆಂಕಿ. 1972ರ ವನ್ಯಜೀವಿ ಕಾಯ್ದೆ ಬಂದು, ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಈಗ ಬಿದ್ದರೆ ಬೇಸಿಗೆ ನಡುವಿನ ದೊಡ್ಡ ಬೆಂಕಿ, ಒಣಗಿದ ಲಂಟಾನ ಏಣಿಯ ಹಾಗೆ ಅದನ್ನು ಮರದ ತಲೆಗೆ ಏರಿಸುತ್ತದೆ. ನನಗೆ ಅವರ ಮಾತು ಸರಿ ಅನ್ನಿಸುತ್ತದೆ. ಆದರೆ ನಾವು ಬೆಂಕಿ ಹಾಕಲಿಲ್ಲ, ಹಾಕುವಂತಿಲ್ಲ. ಬೆಂಕಿ ದಾಟದಂತೆ ನೆಲ ಸವರಿ ಬೆಂಕಿ ರೇಖೆ ಕಡಿದೆವು, ನೆಲ್ಲಿಯ ಉಪ್ಪಿಲನ್ನು ಕೊಂಬೆ ಸಮೇತ ಕೈಯಲ್ಲಿ ಕತ್ತರಿಸಿದೆವು. ಈ ವಿಷಯದಲ್ಲಿ ಯಜಮಾನರಿಗೆ ನನ್ನ ಮೇಲೆ ಇನ್ನೂ ಅಸಮಾಧಾನ ಇದೆ.

ಅಸಮಾಧಾನದ ಇನ್ನೊಂದು ಕಾರಣ ದುಡ್ಡು. ಒಂದು ವರ್ಷ ಕೂಲಿಯ ಬಟವಾಡೆ ತಿಂಗಳುಗಟ್ಟಲೆ ತಡವಾಯಿತು. ಕೂಲಿಯ ಹಾಜರಿ ಪಟ್ಟಿ, ಮಸ್ಟರ್ ರೋಲ್, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಓಡಾಡುತ್ತಿತ್ತು. ಪೋಡಿನವರು ಜಗಳ ಮಾಡಲಿಲ್ಲ, ಕೆಲಸಕ್ಕೆ ಬರುವುದು ಬಿಟ್ಟರು. ಅದೇ ಹೊತ್ತಿಗೆ ಪಿಕಳಾರಗಳು ಲಂಟಾನದ ಹಣ್ಣು ತಿಂದು, ನಾವು ಬಿಡಿಸಿದ್ದ ಜಾಗದ ಮರಗಳ ಮೇಲೆ ಕೂತು ಬೀಜ ಉದುರಿಸಿದ್ದವು. ಪ್ರತಿ ಮರದ ಕೆಳಗೂ ಲಂಟಾನದ ಸಸಿ ಹಾಸಿಗೆ. ಆ ಮಳೆಗಾಲ ಕಳೆದುಕೊಂಡದ್ದಕ್ಕೆ ಮುಂದಿನ ಎರಡು ವರ್ಷ ಕೆಲಸ ಬಿತ್ತು. ಆಮೇಲೆ ಗ್ರಾಮಸಭೆಯೇ ಲೆಕ್ಕ ಇಡಬೇಕು, ದುಡ್ಡು ಮೊದಲೇ ಅವರ ಖಾತೆಯಲ್ಲಿರಬೇಕು ಎಂದು ಬರೆಸಿಕೊಂಡರು. ಈ ಸಲ ಬರೆದವನು ನಾನಲ್ಲ, ಪೋಡಿನ ಡಿಗ್ರಿ ಓದಿದ ಹುಡುಗಿ. ನನಗಿಂತ ಚೆನ್ನಾಗಿ ಬರೆದಿದ್ದಾಳೆ.

ಈಗ ನಾವು ನೆಡುವುದು ಬಹಳ ಕಮ್ಮಿ. ಲಂಟಾನ ತೀರಾ ಹಳೆಯದಾಗಿ, ಒಳಗೆ ಏನೂ ಉಳಿದಿಲ್ಲದ ಕಡೆ ಮಾತ್ರ. ಅದೂ ಸಾಲಾಗಿ ಅಲ್ಲ. ಮೊದಲು ಸುತ್ತಲಿನ ಹುಲ್ಲಿನ ಬೀಜ ಎರಚುತ್ತೇವೆ. ಇಲ್ಲದಿದ್ದರೆ ಖಾಲಿ ನೆಲಕ್ಕೆ ಯುಪಟೋರಿಯಂ ಎಂಬ ಇನ್ನೊಂದು ಕಳೆ ನುಗ್ಗುತ್ತದೆ. ಹುಲ್ಲು ಹಿಡಿದ ಮೇಲೆ ಅಲ್ಲಲ್ಲಿ ನೆಲ್ಲಿ, ತಾರೆ, ಹೊನ್ನೆ, ಅಬ್ಬಿಯ ಹತ್ತಿರ ನೇರಳೆ. ಎಲ್ಲಿ ಎಂಬುದನ್ನು ಅಜ್ಜಿ ಕೋಲಿನಿಂದ ತೋರಿಸುತ್ತಾರೆ. ಸುಣ್ಣದ ಪುಡಿ ಯಾವತ್ತೋ ಖಾಲಿಯಾಯಿತು.

ಹೋದ ಹಿಂಗಾರಿನಲ್ಲಿ ನೋಡಲು ಹೋದಾಗ, ನೆಟ್ಟ ನೆಲ್ಲಿ ಸಸಿಗಳಲ್ಲಿ ಒಂದಷ್ಟರ ತುದಿ ಮೊಟಕಾಗಿತ್ತು. ಸುತ್ತ ಗೊರಸಿನ ಗುರುತು. ನನಗೆ ಹೊಟ್ಟೆ ಉರಿಯಿತು. ಅಜ್ಜಿ ಬಗ್ಗಿ ನೋಡಿ, ‘ಅದುರ್ ಬೀಜ, ಅದೇ ತಿಂತು, ಬುಡಿ’ ಎಂದರು. ಆಮೇಲೆ ಒಣಗಿದ ಲಂಟಾನದ ಮುಳ್ಳು ಕಡ್ಡಿ ತಂದು ಉಳಿದ ಸಸಿಗಳ ಸುತ್ತ ಚುಚ್ಚತೊಡಗಿದರು. ನಾನೂ ಒಂದು ಹೊರೆ ತರಲು ಹೋದೆ.