ಫಾರ್ಮ್ಯಾಟ್ ಕೇಳಿದ ಹಾರ್ಡ್ ಡಿಸ್ಕ್‌ನಿಂದ ಮದುವೆ ಫೋಟೋ ತೆಗೆದದ್ದು

ತಿಪಟೂರಿನಲ್ಲಿ ನನ್ನದೊಂದು ಫೋಟೋ ಸ್ಟುಡಿಯೋ ಇದೆ. ಕಳೆದ ಮಳೆಗಾಲದಲ್ಲಿ ಒಬ್ಬರು ಅಕ್ಕ ಅಂಗಡಿಗೆ ಬಂದರು. ಹೆಂಚು ಸೋರಿ ಅವರ ಮದುವೆ ಆಲ್ಬಂ ನೆನೆದುಹೋಗಿತ್ತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬಿಡಿಸಲು ಹೋದರೆ ಬಣ್ಣವೇ ಕಿತ್ತು ಬರುತ್ತಿತ್ತು. "ನಿಮ್ಮ ಹತ್ರ ಫೋಟೋ ಇರುತ್ತಲ್ವಾ ಅಣ್ಣ, ಇನ್ನೊಂದು ಆಲ್ಬಂ ಮಾಡಿಕೊಡಿ" ಅಂದರು. 2018ರ ಮದುವೆ. ಇದೆ, ಮಾಡಿಕೊಡ್ತೀನಿ ಅಂದೆ.

ಆ ವರ್ಷದ ಕೆಲಸವೆಲ್ಲ ಒಂದು 2 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ನಲ್ಲಿತ್ತು. ಬೀರುವಿನಿಂದ ತೆಗೆದು ಕಂಪ್ಯೂಟರಿಗೆ ಚುಚ್ಚಿದೆ. ಲೈಟ್ ಹತ್ತಿತು. ಆಮೇಲೆ ಟಂಟಂ ಸದ್ದು, ಯುಎಸ್‌ಬಿ ಸಾಧನ ಗುರುತಿಸಲಾಗಿಲ್ಲ ಅನ್ನೋ ಸಂದೇಶ. ತೆಗೆದು ಮತ್ತೆ ಹಾಕಿದೆ, ಅದೇ ಕತೆ. ಆ ಫೋಟೋಗಳಿಗೆ ಇನ್ನೊಂದು ಕಾಪಿ ಇರಲಿಲ್ಲ. ಹೊಟ್ಟೆಯಲ್ಲಿ ಕಲಸಿದ ಹಾಗಾಯಿತು.

ಇಂಥ ಹೊತ್ತಲ್ಲಿ ನಾನು ಮೊದಲು ಮಾಡುವುದು ಡಿಸ್ಕನ್ನು ಕಿವಿಗೆ ಹಿಡಿದು ಕೇಳುವುದು. ಸರಿಯಿರುವ ಡಿಸ್ಕ್ ನುಣ್ಣಗೆ ಗುಂಯ್ ಅಂತ ತಿರುಗುತ್ತದೆ. ಕಟ್, ಕಟ್, ಕಟ್ ಅಂತ ಒಂದೇ ತಾಳದಲ್ಲಿ ಬಡಿದರೆ ಒಳಗೆ ಡೇಟಾ ಓದುವ ಹೆಡ್ ಕೆಟ್ಟಿರುವ ಸಾಧ್ಯತೆ ಜಾಸ್ತಿ. ಆಗ ತಕ್ಷಣ ಕೇಬಲ್ ಕಿತ್ತು ಡೇಟಾ ರಿಕವರಿ ಮಾಡುವವರ ಕೈಗೆ ಕೊಡಬೇಕು. ಮನೆಯಲ್ಲಿ ಬಿಚ್ಚಲೇಬಾರದು. ಒಳಗೆ ತಿರುಗುವ, ಡೇಟಾ ಇರುವ ತಟ್ಟೆಗೂ ಹೆಡ್‌ಗೂ ನಡುವೆ ಇರುವ ಜಾಗ ಕೆಲವೇ ನ್ಯಾನೋಮೀಟರ್. ಒಂದು ಕಣ ಧೂಳು ಬಿದ್ದರೂ ಗೀರಿ ಹಾಕುತ್ತದೆ.

ನನ್ನ ಡಿಸ್ಕ್ ಬಡಿಯುತ್ತಿರಲಿಲ್ಲ. ತಿರುಗಲು ಶುರು ಮಾಡುತ್ತಿತ್ತು, ಎರಡು ಸೆಕೆಂಡಿಗೆ ಸೋತು ನಿಲ್ಲುತ್ತಿತ್ತು, ಮತ್ತೆ ಶುರು ಮಾಡುತ್ತಿತ್ತು. ಕರೆಂಟ್ ಸಾಲುತ್ತಿಲ್ಲ ಅಂತ ಅನುಮಾನ ಬಂತು. ಬೇರೆ ಅಡಾಪ್ಟರ್ ಇಲ್ಲದ ಈ ಚಿಕ್ಕ ಡಿಸ್ಕ್‌ಗಳಿಗೆ ಬರುವ ಕರೆಂಟೆಲ್ಲ ಯುಎಸ್‌ಬಿ ಕೇಬಲ್‌ನಿಂದಲೇ. ಹಳೆಯ ಯುಎಸ್‌ಬಿ 2 ಪೋರ್ಟ್ ಕೊಡುವುದು 500 ಮಿಲಿಆಂಪ್, ಯುಎಸ್‌ಬಿ 3 ಆದರೆ 900. ತಿರುಗಲು ಶುರು ಮಾಡುವ ಆ ಒಂದು ಕ್ಷಣದಲ್ಲಿ ಡಿಸ್ಕ್ ಒಂದು ಆಂಪ್ ಹತ್ತಿರ ಎಳೆಯುತ್ತದೆ. ನಾನು ಚುಚ್ಚಿದ್ದು ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ. ಅಲ್ಲಿಗೆ ಮದರ್‌ಬೋರ್ಡಿನಿಂದ ಸಣ್ಣ ವೈರ್ ಎಳೆದಿರುತ್ತಾರೆ, ಅದರಲ್ಲೂ ಒಂದಿಷ್ಟು ನಷ್ಟ.

ಕ್ಯಾಬಿನೆಟ್ಟಿನ ಹಿಂಬದಿಯ ನೀಲಿ ಪೋರ್ಟಿಗೆ, ಅಂದರೆ ಯುಎಸ್‌ಬಿ 3ಕ್ಕೆ, ಹಾಕಿದೆ. ಸ್ವಲ್ಪ ಜಾಸ್ತಿ ಹೊತ್ತು ತಿರುಗಿತು, ಆದರೂ ನಿಂತಿತು. ಕೇಬಲ್‌ನಲ್ಲಿ ಡಿಸ್ಕ್ ಕಡೆಯ ಪಿನ್ ನೋಡಿದೆ. ಎರಡು ಭಾಗವಾಗಿ ಕಾಣುವ ಆ ಅಗಲ ಪಿನ್ ಇದೆಯಲ್ಲ, ಅದು ಬೆರಳು ತಾಕಿದರೆ ಅಲ್ಲಾಡುತ್ತಿತ್ತು. ಸರಿಯಾಗಿ ಕೆಲಸ ಮಾಡುತ್ತಿದ್ದ ಇನ್ನೊಂದು ಡಿಸ್ಕಿನ ಗಿಡ್ಡ ಕೇಬಲ್ ತಂದು ಹಾಕಿದೆ. ಈ ಸಲ ಡಿಸ್ಕ್ ನಿಲ್ಲಲಿಲ್ಲ, ಗುಂಯ್ ಅಂತಲೇ ಇತ್ತು.

ಸಂತೋಷ ಜಾಸ್ತಿ ಹೊತ್ತು ಉಳಿಯಲಿಲ್ಲ. ಕಂಪ್ಯೂಟರ್ ಮುಂದೆ ಕೂತಿದ್ದ ಅಂಗಡಿಯ ಹುಡುಗ ಕೂಗಿದ: "ಅಣ್ಣ, ಫಾರ್ಮ್ಯಾಟ್ ಮಾಡಬೇಕಂತೆ, ಕೊಡ್ಲಾ?"

"ಬೇಡ ಕಣೋ, ಮೌಸ್ ಬಿಡು!"

ಅಂಗಡಿಯಲ್ಲಿ ನಾನು ಅಷ್ಟು ಜೋರಾಗಿ ಕೂಗಿದ್ದು ಅದೇ ಮೊದಲು. ಆ ಪ್ರಶ್ನೆ ಬಂದರೆ ಫೋಟೋ ಹೋಯಿತು ಅಂತಲ್ಲ. ವಿಂಡೋಸ್‌ಗೆ ಒಳಗಿನ ಲೆಕ್ಕದ ಪುಸ್ತಕ ಓದಲು ಆಗುತ್ತಿಲ್ಲ, ಅದಕ್ಕೆ ಹೊಸ ಪುಸ್ತಕ ಬರೆಯಲಾ ಅಂತ ಕೇಳುತ್ತಿದೆ, ಅಷ್ಟೇ. ಹೂಂ ಅಂದರೆ ಹಳೆಯದರ ಮೇಲೆ ಬರೆಯುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದೆ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗುತ್ತದೆ. ಅಲ್ಲಿ ಡಿಸ್ಕ್ ಪೂರ್ತಿ ಅಳತೆಯಲ್ಲೇ ಕಂಡಿತು, ಆದರೆ ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳ ಲೆಕ್ಕ ಇಡುವ ಪದ್ಧತಿ) ಅಂತ ಇರಬೇಕಾದ ಕಡೆ ರಾ ಅಂತಿತ್ತು, ಅಂದರೆ ಆ ಲೆಕ್ಕ ಓದಲು ಆಗುತ್ತಿಲ್ಲ ಅಂತ. ಎನ್‌ಟಿಎಫ್‌ಎಸ್ ಅಂತಲೇ ಇದ್ದು ಡಿ, ಇ ಥರದ ಡ್ರೈವ್ ಲೆಟರ್ ಮಾತ್ರ ಇಲ್ಲದಿದ್ದರೆ ಐದು ನಿಮಿಷದ ಕೆಲಸ, ಒಂದು ಅಕ್ಷರ ಕೊಟ್ಟರೆ ಮುಗಿಯಿತು. ಪಕ್ಕದ ಮನೆ ಹುಡುಗಿಯ ಡಿಸ್ಕನ್ನು ಹಾಗೇ ಸರಿ ಮಾಡಿಕೊಟ್ಟಿದ್ದೆ. ನನ್ನ ಅದೃಷ್ಟ ಹಾಗಿರಲಿಲ್ಲ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಪ್ರೋಗ್ರಾಂನಲ್ಲಿ ನೋಡಿದರೆ ಹಳದಿ ಬಣ್ಣ, ಅಂದರೆ ಎಚ್ಚರಿಕೆ. ಓದಲಾಗದೆ ಬಾಕಿ ಉಳಿದ ಸೆಕ್ಟರ್‌ಗಳ (ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳ) ಲೆಕ್ಕ ಸೊನ್ನೆ ಇರಬೇಕಿತ್ತು, ಇರಲಿಲ್ಲ.

ಇಲ್ಲಿ ಬಹಳ ಜನ ವಿಂಡೋಸ್ ಜೊತೆಗೇ ಬರುವ ಚೆಕ್‌ಡಿಸ್ಕ್ ಅನ್ನೋ ರಿಪೇರಿ ಪ್ರೋಗ್ರಾಂ ಓಡಿಸುತ್ತಾರೆ. ನಾನು ಓಡಿಸಲಿಲ್ಲ. ಅದು ಫೈಲ್ ಸಿಸ್ಟಮ್ ಅನ್ನು, ಅಂದರೆ ಆ ಲೆಕ್ಕದ ಪುಸ್ತಕವನ್ನು, ಸರಿ ಮಾಡುತ್ತದೆ, ನಿಮ್ಮ ಫೋಟೋ ಉಳಿಸುವುದು ಅದರ ಕೆಲಸವಲ್ಲ. ಸಾಯುತ್ತಿರುವ ಡಿಸ್ಕಿನ ಮೇಲೆ ಬರೆಯುವ ಯಾವ ರಿಪೇರಿಯೂ ಬೇಡ. ಮೊದಲು ಕಾಪಿ, ಆಮೇಲೆ ಕಾಪಿಯ ಮೇಲೆ ರಿಪೇರಿ. ಇದೊಂದರಲ್ಲಿ ನಾನು ಬಹಳ ಹಟಮಾರಿ.

ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ 4 ಟಿಬಿಯ ಹೊಸ ಡಿಸ್ಕ್ ತಂದೆ. ವಿಂಡೋಸ್ ಬದಲು ಬಳಸುವ ಲಿನಕ್ಸ್ ಮಿಂಟ್ ಇರುವ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿದೆ. ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಇರುತ್ತದೆ. ಬಳಸಿದ್ದು ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ. ಇದರ ಜಾಣತನ ಏನೆಂದರೆ, ಓದಲು ಸುಲಭವಾದ ಜಾಗಗಳನ್ನೆಲ್ಲ ಮೊದಲು ಕಾಪಿ ಮಾಡಿಕೊಳ್ಳುತ್ತದೆ. ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ, ಕೊನೆಗೆ ವಾಪಸ್ ಬಂದು ಅವುಗಳ ಜೊತೆ ಗುದ್ದಾಡುತ್ತದೆ. ಎಲ್ಲಿಯವರೆಗೆ ಆಯಿತು ಅಂತ ಒಂದು ಮ್ಯಾಪ್ ಫೈಲಿನಲ್ಲಿ ಬರೆದಿಡುತ್ತದೆ, ಹಾಗಾಗಿ ಮಧ್ಯೆ ನಿಂತರೂ ಅಲ್ಲಿಂದಲೇ ಮುಂದುವರಿಸಬಹುದು. ಆ ಫೈಲನ್ನು ಬೇರೊಂದು ಪೆನ್‌ಡ್ರೈವ್‌ನಲ್ಲಿ ಇಡಿ. ಪೆನ್‌ಡ್ರೈವ್ ಲಿನಕ್ಸ್‌ನ ಡೆಸ್ಕ್‌ಟಾಪಿನಲ್ಲಿ ಇಟ್ಟರೆ ಲ್ಯಾಪ್‌ಟಾಪ್ ಆಫ್ ಆದಾಗ ಅದೂ ಅಳಿಸಿಹೋಗುತ್ತದೆ.

ಎಂಟರ್ ಒತ್ತುವ ಮೊದಲು ನನ್ನ ಕೈ ನಡುಗಿತು. ಎಲ್ಲಿಂದ, ಎಲ್ಲಿಗೆ ಅನ್ನೋದು ಅದಲುಬದಲಾದರೆ ಹಳೆಯ ಡಿಸ್ಕಿನ ಮೇಲೇ ಬರೆದುಬಿಡುತ್ತದೆ. ಲಿನಕ್ಸ್ ತೋರಿಸುವ ಡಿಸ್ಕ್‌ಗಳ ಪಟ್ಟಿಯಲ್ಲಿ ಒಂದು 1.8, ಇನ್ನೊಂದು 3.6 ಅಂತ ಕಾಣುತ್ತಿತ್ತು. ಕಂಪನಿಯವರು ಸಾವಿರದ ಲೆಕ್ಕ ಹಾಕುತ್ತಾರೆ, ಆ ಪಟ್ಟಿ 1024ರ ಲೆಕ್ಕ ಹಾಕುತ್ತದೆ, ಅದಕ್ಕೆ 2 ಟಿಬಿ 1.8 ಆಗಿ ಕಾಣುವುದು. ಎರಡೂ ಒಂದೇ ಅಳತೆಯದಾಗಿದ್ದರೆ ನನಗೆ ಇನ್ನೂ ಭಯವಾಗುತ್ತಿತ್ತು. ಮೂರು ಸಲ ಓದಿ, ಹುಡುಗನ ಕೈಲೂ ಒಂದು ಸಲ ಓದಿಸಿ, ಒತ್ತಿದೆ.

ಡಿಸ್ಕ್ ಬಿಸಿಯಾಗಬಾರದು ಅಂತ ಸ್ಟೀಲ್ ತಟ್ಟೆಯ ಮೇಲಿಟ್ಟು ಟೇಬಲ್ ಫ್ಯಾನ್ ಹಾಕಿದೆ. ರಾತ್ರಿ ಎಂಟಕ್ಕೆ ಶುರುವಾದ ಮೊದಲ ಸುತ್ತು ಬೆಳಗಿನ ಜಾವ ಮುಗಿಯಿತು. ಕೆಟ್ಟ ಜಾಗಗಳಿಗೆ ಇನ್ನೊಂದು ದಿನ ಹಿಡಿಯಿತು. ಕೊನೆಗೆ ಓದಲಾಗದೆ ಉಳಿದದ್ದು 300 ಕೆಬಿಯಷ್ಟು. ಎರಡು ಟಿಬಿಯಲ್ಲಿ ಅಷ್ಟೇ!

ಆಮೇಲೆ ಆ ಕಾಪಿಯನ್ನು ಟೆಸ್ಟ್‌ಡಿಸ್ಕ್ ಅನ್ನೋ ರಿಪೇರಿ ಪ್ರೋಗ್ರಾಂನಲ್ಲಿ ತೆರೆದೆ. ಬೂಟ್ ಸೆಕ್ಟರ್ ಕೆಟ್ಟಿದೆ, ಬ್ಯಾಕಪ್ ಬೂಟ್ ಸೆಕ್ಟರ್ ಸರಿಯಿದೆ ಅಂತ ತೋರಿಸಿತು. ಎನ್‌ಟಿಎಫ್‌ಎಸ್ ತನ್ನ ಮೊದಲ ಸೆಕ್ಟರಿನ, ಅಂದರೆ ಈ ಬೂಟ್ ಸೆಕ್ಟರಿನ, ಇನ್ನೊಂದು ಪ್ರತಿಯನ್ನು ಪಾರ್ಟಿಷನ್ನಿನ ಕೊನೆಯಲ್ಲಿ ಇಟ್ಟಿರುತ್ತದೆ. ಅದನ್ನು ಮುಂದಕ್ಕೆ ಹಾಕು ಅಂದೆ. ಫೋಲ್ಡರ್‌ಗಳು ಸಾಲಾಗಿ ಬಂದವು, ನಾನು ಕನ್ನಡದಲ್ಲಿ ಇಟ್ಟ ಹೆಸರುಗಳೂ ಹಾಗೇ ಇದ್ದವು. ಕಣ್ಣು ತುಂಬಿ ಬಂತು.

ಅಕ್ಕನ ಮದುವೆಯ ಫೋಲ್ಡರಿನಲ್ಲಿ ಒಂದೇ ಒಂದು ಫೋಟೋ ಅರ್ಧ ಬೂದು ಬಣ್ಣಕ್ಕೆ ತಿರುಗಿತ್ತು. ಅದು ತಾಳಿ ಕಟ್ಟುವ ಕ್ಷಣದ್ದು, ಆಲ್ಬಮ್ಮಿನಲ್ಲಿ ಎರಡು ಪುಟಕ್ಕೆ ಹರಡಿ ಹಾಕಿದ್ದೆ. ಆದರೆ ತಾಳಿ ಕಟ್ಟುವಾಗ ಒಂದೇ ಫೋಟೋ ತೆಗೆಯುವ ಫೋಟೋಗ್ರಾಫರ್ ಎಲ್ಲೂ ಇರಲ್ಲ. ಅದರ ಮುಂದಿನದು ಸರಿಯಿತ್ತು. ಅಕ್ಷತೆ ಇನ್ನೂ ಗಾಳಿಯಲ್ಲಿದೆ, ಅಕ್ಕ ತಲೆ ತಗ್ಗಿಸಿಕೊಂಡೇ ನಗುತ್ತಿದ್ದಾರೆ. ಹೊಸ ಆಲ್ಬಮ್ಮಿನ ನಡುಪುಟಕ್ಕೆ ಅದನ್ನೇ ಹಾಕಿಕೊಟ್ಟೆ.