ಸೋಲಾರ್‌ಗೆ ಬ್ಯಾಟರಿ ಬೇಕಾ? ದುಡ್ಡು ಕೊಡುವ ಮೊದಲು ಈ ಲೆಕ್ಕ ಹಾಕಿ

ಸಾಗರದ ಹತ್ತಿರ ಇರುವ ನಮ್ಮ ಸೋದರಮಾವ ತಾರಸಿ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದರು. ಒಂದು ದಿನ ಸುಡು ಬಿಸಿಲಿನ ಮಧ್ಯಾಹ್ನ ಲೈನ್ ಕರೆಂಟ್ ಹೋಯಿತು, ಮನೆಯ ಫ್ಯಾನೂ ನಿಂತಿತು. ಪ್ಯಾನೆಲ್ ಕೆಟ್ಟಿದೆ ಅಂದುಕೊಂಡರು. ಕೆಟ್ಟಿರಲಿಲ್ಲ. ಲೈನ್‌ನಲ್ಲಿ ಕರೆಂಟ್ ಇಲ್ಲದಾಗ ಆನ್‌ಗ್ರಿಡ್ (ಲೈನಿಗೆ ಜೋಡಿಸಿದ, ಬ್ಯಾಟರಿ ಇಲ್ಲದ) ಇನ್ವರ್ಟರ್ ತಾನಾಗಿಯೇ ಆಫ್ ಆಗುತ್ತದೆ, ಇಲ್ಲದಿದ್ದರೆ ಪ್ಯಾನೆಲ್‌ನ ಕರೆಂಟ್ ಲೈನಿಗೆ ಹರಿದು ಕಂಬ ಹತ್ತಿದ ಲೈನ್‌ಮನ್ ಜೀವಕ್ಕೇ ಅಪಾಯ. ಇದನ್ನು ಹಾಕಿಸುವಾಗ ಯಾರೂ ಹೇಳಿರಲಿಲ್ಲ. ಗಾಬರಿಯಲ್ಲಿ ದೊಡ್ಡ ಲಿಥಿಯಂ ಬ್ಯಾಟರಿ ತಂದರು. ಹಳೇ ಇನ್ವರ್ಟರ್‌ಗೆ ಅದು ಹೊಂದಲಿಲ್ಲ, ಪ್ಯಾನೆಲ್, ಲೈನ್, ಬ್ಯಾಟರಿ ಮೂರಕ್ಕೂ ಹೊಂದುವ ಹೈಬ್ರಿಡ್ ಇನ್ವರ್ಟರಿಗೆ ಬೇರೆ ದುಡ್ಡು ಸುರಿದರು.

ಮೊದಲು ಬಿಲ್ ನೋಡಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿದ್ದರೆ ಬ್ಯಾಟರಿಯಿಂದ ಉಳಿಯುವುದು ಏನೂ ಇಲ್ಲ. ನೆಟ್ ಮೀಟರ್ ಇದ್ದರೆ ಹಗಲು ಲೈನಿಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ಬಳಸಿದ್ದರಲ್ಲಿ ಕಳೆಯುತ್ತಾರೆ. ಕೂಡಿಡುವ ಕೆಲಸ ಲೈನೇ ಮಾಡುತ್ತಿದೆ ಅಲ್ವಾ?

ಎರಡನೆಯದು, ಎಲ್ಲರೂ ಎಡವುವ ಜಾಗ. ಬ್ಯಾಟರಿಯಲ್ಲಿ ಇಟ್ಟು ತೆಗೆದ ಒಂದು ಯೂನಿಟ್‌ಗೆ ಎಷ್ಟು ಬೀಳುತ್ತದೆ? 5 ಯೂನಿಟ್‌ನ ಲಿಥಿಯಂ ಬ್ಯಾಟರಿಗೆ ಒಂದೂವರೆ ಲಕ್ಷ ಕೇಳಿದ್ದಾರೆ ಅಂತ ಇಟ್ಟುಕೊಳ್ಳಿ. ಬಳಸಲು ಸಿಗುವುದು ಸುಮಾರು 4.5 ಯೂನಿಟ್. 10 ವರ್ಷ, ಒಂದು ದಿನವೂ ಬಿಡದೆ ತುಂಬಿಸಿ ಖಾಲಿ ಮಾಡಿದರೆ ಒಟ್ಟು 16,425 ಯೂನಿಟ್. ಭಾಗಿಸಿ, 9 ರೂಪಾಯಿ ಚಿಲ್ಲರೆ. ಲೈನ್ ಕರೆಂಟ್ ಸುಮಾರು 6 ರೂಪಾಯಿಗೆ ಸಿಗುವಾಗ! ಇನ್ನು ಕರೆಂಟ್ ಹೋದಾಗ ಮಾತ್ರ, ದಿನಕ್ಕೆ ಒಂದೇ ಯೂನಿಟ್ ಬಳಸಿದರೆ ಅದು 41 ರೂಪಾಯಿ ಆಗುತ್ತದೆ. ಬಿಲ್ ಉಳಿಯುತ್ತದೆ ಅಂತ ಬ್ಯಾಟರಿ ಮಾರಲು ಬಂದವರ ಮುಂದೆ ಈ ಲೆಕ್ಕ ಇಡಿ. ತಾರಸಿ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್‌ನ 78,000 ರೂಪಾಯಿ ಸಬ್ಸಿಡಿಯೂ ಬ್ಯಾಟರಿಗಾಗಿ ಒಂದು ಪೈಸೆ ಜಾಸ್ತಿ ಆಗುವುದಿಲ್ಲ.

ಹಾಗಾದರೆ ಬ್ಯಾಟರಿ ಯಾರಿಗೆ ಬೇಕು? ಕರೆಂಟ್ ಹೋದರೆ ಕೆಲಸ ನಿಲ್ಲುವವರಿಗೆ, ಮನೆಯಲ್ಲಿ ಆಕ್ಸಿಜನ್ ಮೆಷಿನ್ ಇಟ್ಟುಕೊಂಡವರಿಗೆ, ಗಾಳಿಗೆ ಮರ ಬಿದ್ದು ಎರಡೆರಡು ದಿನ ಕತ್ತಲಾಗುವ ಮಲೆನಾಡಿನ ಮನೆಗಳಿಗೆ. ಅಂಥ ಕಡೆ ರೂಪಾಯಿ ಲೆಕ್ಕ ನಾನು ನೋಡುವುದಿಲ್ಲ. ಆದರೆ ಆಷಾಢದ ಮೋಡದಲ್ಲಿ ಪ್ಯಾನೆಲ್‌ನಿಂದ ಬರುವುದು ಬಹಳ ಕಡಿಮೆ, ಆದ್ದರಿಂದ ಲೈನಿನಿಂದಲೂ ಚಾರ್ಜ್ ಆಗುವ ಹೈಬ್ರಿಡ್ ಇನ್ವರ್ಟರನ್ನೇ ಕೇಳಿ.

ಒಂದು ತಿಂಗಳು ಕ್ಯಾಲೆಂಡರ್ ಮೇಲೆ ಕರೆಂಟ್ ಹೋದ ಹೊತ್ತು, ಬಂದ ಹೊತ್ತು ಬರೆಯಿರಿ. ನೆನಪಿನಿಂದ ಹೇಳಬೇಡಿ, ಎಲ್ಲರೂ ಜಾಸ್ತಿಯೇ ಹೇಳುತ್ತಾರೆ. ವೈಫೈ ಒಂದೇ ಚಿಂತೆಯಾದರೆ ರೂಟರಿಗೆ ಪುಟ್ಟ ಯುಪಿಎಸ್ ಸಾಕು.

ಆಮೇಲೆ ಲೋಡ್ ಕೂಡಿಸಿ. 75 ವ್ಯಾಟ್‌ನ 3 ಫ್ಯಾನ್, 9 ವ್ಯಾಟ್‌ನ 6 ಬಲ್ಬ್, ಟಿವಿ, ರೂಟರ್ ಎಲ್ಲ ಸೇರಿ 350 ವ್ಯಾಟ್ ಹತ್ತಿರ. 3 ಗಂಟೆಗೆ ಒಂದು ಯೂನಿಟ್ ಮೇಲೆ. 12 ವೋಲ್ಟ್‌ನ 150 ಎಎಚ್ (ಆಂಪಿಯರ್ ಅವರ್) ಟ್ಯೂಬುಲರ್ ಬ್ಯಾಟರಿಯಲ್ಲಿ, ಅಂದರೆ ಮಾಮೂಲಿ ಇನ್ವರ್ಟರಿನ ಆ್ಯಸಿಡ್ ಬ್ಯಾಟರಿಯಲ್ಲಿ, ಲೆಕ್ಕಕ್ಕೆ 1.8 ಯೂನಿಟ್ ಇದ್ದರೂ ಅರ್ಧ ಮಾತ್ರ ಬಳಸಬೇಕು, ಪೂರ್ತಿ ಹೀರಿದರೆ ಬೇಗ ಸಾಯುತ್ತದೆ. ಅಂದರೆ ಎರಡು ಬೇಕು. ಅದೇ ಫ್ಯಾನುಗಳನ್ನು 30 ವ್ಯಾಟ್‌ನ ಬಿಎಲ್‌ಡಿಸಿಗೆ (ಕಡಿಮೆ ಕರೆಂಟ್ ಎಳೆಯುವ ಮೋಟಾರಿನ ಫ್ಯಾನ್) ಬದಲಿಸಿ ನೋಡಿ, ಒಂದೇ ಬ್ಯಾಟರಿ ಸಾಕಾಗುತ್ತದೆ. ಮೊದಲು ಫ್ಯಾನ್, ಆಮೇಲೆ ಬ್ಯಾಟರಿ. ಗೀಸರ್, ನೀರಿನ ಮೋಟಾರ್ ಇದಕ್ಕೆ ಜೋಡಿಸಲೇಬೇಡಿ. ಮೋಟಾರ್ ಶುರುವಾಗುವಾಗ ಎಳೆಯುವ ಕರೆಂಟ್ ಮಾಮೂಲಿಗಿಂತ ಐದಾರು ಪಟ್ಟು.

ದಿನಾ ಕರೆಂಟ್ ಹೋಗುವ ಊರಾದರೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಪರೂಪಕ್ಕೆ ಹೋಗುವ ಕಡೆ ಟ್ಯೂಬುಲರ್. ಹಳೇ ಸೆಲ್ ಜೋಡಿಸಿ ಕಟ್ಟಿದ ಅಗ್ಗದ ಲಿಥಿಯಂ ಪ್ಯಾಕ್ ಮನೆಯೊಳಗೆ ತರಲೇಬೇಡಿ, ಬೆಂಕಿಯ ಭಯ ಇದೆ. ಟ್ಯೂಬುಲರ್‌ಗೆ ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೆ ನೀರು ಹಾಕಬೇಡಿ, ಚಾರ್ಜ್ ಆಗುವಾಗ ಗ್ಯಾಸ್ ಬರುವುದರಿಂದ ಗಾಳಿಯಾಡುವ ಕಡೆಯೇ ಇಡಿ.